ಅಪ್ಪ ಬೇಡ ಅಂದ ಪುಟಗಳು

"ಮೊದಲು ಕೈ ತೆಗೀರಿ ಅದರಿಂದ!"

ಅವಳು ಕೂಗಿದ ರಭಸಕ್ಕೆ ರಿಪೇರಿಯವನು ಮೌಸ್ ಬಿಟ್ಟು ಕುರ್ಚಿ ಸಮೇತ ಹಿಂದೆ ಸರಿದ. ಅವನಿಗೆಂದು ಅವಳು ತಂದಿದ್ದ ಲೋಟದ ನೀರು ಅರ್ಧ ನೆಲದ ಮೇಲೆ ಚೆಲ್ಲಿತ್ತು.

"ನಾನೇನೂ ಮಾಡಿಲ್ಲ ಮೇಡಂ... ಈ ಆ್ಯಂಟಿವೈರಸ್ ತೆಗೆದುಹಾಕೋಣ ಅಂತ..."

"ಅದನ್ನ ಮಾತ್ರ ಮುಟ್ಟಬಾರದು ಅಂತ ಫೋನಲ್ಲೇ ಹೇಳಿದ್ದೆ ತಾನೆ?"

"ಹೇಳಿದ್ರಿ. ಆದ್ರೆ ತೊಂದರೆ ಕೊಡ್ತಿರೋದೇ ಅದು!"

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಅವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಂಪ್ಯೂಟರ್ ಕೆಟ್ಟಿತೆಂದು ಅತ್ತವರನ್ನು ಅವನು ನೋಡಿದ್ದ. ಆ್ಯಂಟಿವೈರಸ್‌ಗಾಗಿ ಅಳುವವರನ್ನು ಕಂಡದ್ದು ಇದೇ ಮೊದಲು!

"ಸರಿ, ಮುಟ್ಟಲ್ಲ. ಏನಾಗ್ತಿದೆ ಅಂತ ಒಂದ್ಸಲ ನೋಡ್ತೀನಿ, ಅಷ್ಟೇ."

ಅವನು ಮೆಲ್ಲಗೆ ಬ್ರೌಸರ್ ತೆರೆದು, ಅವಳು ಕೆಲಸ ಮಾಡುವ ಪ್ರಕಾಶನದ ಪುಟಕ್ಕೆ ಹೋದ. ಪುಟ ಬರಲಿಲ್ಲ. ಕೆಂಪು ಪಟ್ಟಿಯೊಂದು ಬಂತು. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂತು. ಆಮೇಲೆ ಧೂಳು ಹಿಡಿದ ಸ್ಪೀಕರಿನಿಂದ ಒಬ್ಬ ಗಂಡಸಿನ ತುಂಬು ದನಿ ಕೇಳಿಸಿತು.

"ಬೇಡ ಗುಬ್ಬಿ... ಅದನ್ನ ಒತ್ತಬೇಡ."

ಅವನು ಬೆಚ್ಚಿ ಹಿಂದೆ ತಿರುಗಿದ. ಯಾರೂ ಇರಲಿಲ್ಲ. ಅಡುಗೆಮನೆಯಿಂದ ಹೆಂಗಸೊಬ್ಬರ ದನಿ ತಟ್ಟನೆ ಉತ್ತರ ಕೊಟ್ಟಿತು.

"ಅವಳು ಯಾವತ್ತು ನಿಮ್ಮ ಮಾತು ಕೇಳಿದ್ದಾಳೆ ಹೇಳಿ!"

"ಯಾರು ಮೇಡಂ ಮಾತಾಡಿದ್ದು?" ಎಂದ ಅವನು, ಪರದೆ ತೋರಿಸುತ್ತ.

"ನಮ್ಮಪ್ಪ."

"ಎಲ್ಲಿದ್ದಾರೆ?"

"ಇಲ್ಲ..." ಎಂದಷ್ಟೇ ಹೇಳಿ ಅವಳು ನೆಲ ಒರೆಸಲು ಬಟ್ಟೆ ತರಲು ಹೋದಳು.

ಅವಳಿಗೆ ಮನೆಯಲ್ಲಿ ಗುಬ್ಬಿ ಎಂದೇ ಹೆಸರು. ಅಪ್ಪ ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೋಗುವ ಸುದ್ದಿಯನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಊರಿಗೆ ಊರೇ ಆ ದನಿ ಕೇಳಿ ಗಡಿಬಿಡಿಯಿಂದ ಪೆಟ್ಟಿಗೆ ಎತ್ತಿಕೊಳ್ಳುತ್ತಿತ್ತು. ಒಮ್ಮೆ ಗುಬ್ಬಿ 'ನಿಮಗೆ ಬಹುಮಾನ ಬಂದಿದೆ' ಎಂಬ ಜಾಹೀರಾತನ್ನು ನಂಬಿ ಒತ್ತಿದ್ದಳು, ಕಂಪ್ಯೂಟರ್ ಮಕಾಡೆ ಮಲಗಿತ್ತು! ಅಪ್ಪ ಬೈಯಲಿಲ್ಲ. ಆ್ಯಂಟಿವೈರಸ್ ಹಾಕಿಸಿ, ಅದರ ಗಂಟೆಯ ಸದ್ದುಗಳನ್ನೆಲ್ಲ ತೆಗೆದು, ಅಲ್ಲಿ ತಮ್ಮದೇ ದನಿ ಕೂರಿಸಿಬಿಟ್ಟರು.

ಒಂದು ಮುಂಜಾನೆ ನಿಲ್ದಾಣಕ್ಕೆಂದು ಹೊರಟವರು ಮೆಟ್ಟಿಲ ಮೇಲೆಯೇ ಕುಸಿದರು. ಮತ್ತೆ ಏಳಲಿಲ್ಲ. ನಿಲ್ದಾಣದಲ್ಲಿ ಈಗ ಯಂತ್ರವೇ ಮಾತಾಡುತ್ತದೆ. ಮನೆಯಲ್ಲಿ ಅಪ್ಪನ ಫೋಟೊಗಳಿವೆ, ಚಪ್ಪಲಿಯೂ ಇದೆ. ಅಪ್ಪ ದನಿ ಬಿಟ್ಟುಹೋದದ್ದು ಇದೊಂದರಲ್ಲೇ.

"ಫೋನಲ್ಲಿ ರೆಕಾರ್ಡ್ ಮಾಡ್ಕೊಬಹುದಿತ್ತಲ್ಲ?" ಎಂದು ಅವನು ಎಲ್ಲ ಕೇಳಿದ ಮೇಲೆ ಮೆಲ್ಲಗೆ ಕೇಳಿದ.

"ಮಾಡಿದ್ದೆ. ಅದು ನಾನು ಒತ್ತಿದಾಗ ಬರೋ ದನಿ. ಇದು... ಅಪ್ಪ ತಾನಾಗಿ ಕರೆಯೋ ದನಿ. ಗೊತ್ತಾಯ್ತಾ ನಿಮಗೆ?"

ಅವನು ತಲೆಯಾಡಿಸಿದ. ನಿಜಕ್ಕೂ ಅವನಿಗೆ ಗೊತ್ತಾಗಿತ್ತು.

ಗುಬ್ಬಿ ಮನೆಯಲ್ಲೇ ಕೂತು ಪುಸ್ತಕಗಳ ತಪ್ಪು ತಿದ್ದುವವಳು. ತಿದ್ದಬೇಕಾದ ಹಾಳೆಗಳೆಲ್ಲ ಪ್ರಕಾಶನದ ಪುಟದಲ್ಲೇ ಬರುತ್ತಿದ್ದವು. ಫೋನಿನ ಚಿಕ್ಕ ಪರದೆಯಲ್ಲಿ ಆ ಕೆಲಸ ಆಗದು. ಪುಟವೇ ತೆರೆಯದಿದ್ದರೆ ಕೆಲಸವೂ ಇಲ್ಲ. ಹೊಸ ಕಂಪ್ಯೂಟರ್ ತಗೋ ಎಂದವರ ಮೇಲೆಲ್ಲ ಅವಳು ಮುಖ ಊದಿಸಿಕೊಂಡಿದ್ದಳು. ಅಷ್ಟೇ ಅಲ್ಲ, ಅಪ್ಪ ಹೋದಮೇಲೆ ಸೋದರಮಾವ ತಂದ ಸಂಬಂಧ, ಗೆಳತಿ ಕರೆದ ಪ್ರವಾಸ, ಬೇರೆ ಊರಿನ ಒಳ್ಳೆಯ ಕೆಲಸ, ಎಲ್ಲಕ್ಕೂ ಅವಳದು ಒಂದೇ ಮಾತು. ಬೇಡ!

ರಿಪೇರಿಯವನು ದಿನಾ ಮಧ್ಯಾಹ್ನ ಬರತೊಡಗಿದ. ಮೊದಲು ಕಂಪ್ಯೂಟರಿನ ತಾರೀಖು ಸರಿಮಾಡಿದ. ಆರಿಸಿ ಹಚ್ಚಿದರೆ ಅದು ಮತ್ತೆ ಹಳೆಯ ಕಾಲಕ್ಕೇ ಹೋಗಿ ಕೂರುತ್ತಿತ್ತು. ಒಳಗಿನ ಪುಟ್ಟ ಸೆಲ್ ಸತ್ತಿದೆಯೆಂದು ಅದನ್ನು ಬದಲಿಸಿದ. ಬ್ರೌಸರಿನ ಹಳೆಯ ಕಸ ಗುಡಿಸಿದ. ಪ್ರಕಾಶನದ ಪುಟವೊಂದನ್ನಾದರೂ ತಡೆಯಬೇಡವೆಂದು ಆ್ಯಂಟಿವೈರಸ್‌ಗೆ ಹೇಳಿಕೊಟ್ಟ. ಅವತ್ತು ಪುಟ ತೆರೆಯಿತು, ಗುಬ್ಬಿ ಚಪ್ಪಾಳೆ ತಟ್ಟಿದಳು. ಮಾರನೆಯ ದಿನ ಅದು ಎಲ್ಲ ಮರೆತು ಮತ್ತೆ ಕೆಂಪು ಪಟ್ಟಿ ಹಿಡಿದು ನಿಂತಿತ್ತು.

"ಇದಕ್ಕೆ ಏನಾಗಿದೆ ಹೇಳಿ," ಎಂದಳು ಅವಳು ಒಂದು ದಿನ.

"ವಯಸ್ಸಾಗಿದೆ. ನೀವು ಯಾವ ಪುಟ ಕೇಳಿದ್ರೂ ಇದು ನಡುವೆ ನಿಂತು, ಬಿಚ್ಚಿ ನೋಡಿ, ತನ್ನ ಮುದ್ರೆ ಹಾಕಿ ಬ್ರೌಸರ್‌ಗೆ ಕೊಡುತ್ತೆ. ಆ ಮುದ್ರೆಯ ಕಾಲ ಮುಗಿದಿದೆ. ಬ್ರೌಸರ್ ನಂಬ್ತಿಲ್ಲ. ಹೊಸ ಆ್ಯಂಟಿವೈರಸ್ ಹಾಕೋಣ ಅಂದ್ರೆ ಈ ಹಳೇ ಯಂತ್ರದಲ್ಲಿ ಅದು ಕೂರಲ್ಲ." ಅವನು ತಡೆದು ತಡೆದು ಹೇಳಿದ. "ಒಳ್ಳೇ ಮನಸ್ಸಿಂದಾನೇ ತಡೀತಿದೆ ಮೇಡಂ. ಈಗ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೇ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಎದುರು ಮನೆಯ ಗೋಡೆ ಬಿಟ್ಟರೆ ನೋಡಲು ಏನೂ ಇರಲಿಲ್ಲ.

"ಈ ಆ್ಯಂಟಿವೈರಸ್ ಕೈಲಿ ಇಡೀ ಕಂಪ್ಯೂಟರ್ ಒಂದ್ಸಲ ತಪಾಸಣೆ ಮಾಡಿಸಿದ್ರೆ?" ಎಂದ ಅವನು, ಮಾತು ಬದಲಿಸಲು.

"ಅದು ಯಾವತ್ತೂ ಮುಗಿಯಲ್ಲ. ಅಪ್ಪ ಇದ್ದಾಗಲೂ ಅರ್ಧಕ್ಕೇ ನಿಂತುಬಿಡ್ತಿತ್ತು. ಅಪ್ಪ ಬೈಕೊಂಡು ಆರಿಸಿಬಿಡ್ತಿದ್ರು."

ಅವಳು ನಕ್ಕಳು. ನಕ್ಕದ್ದು ತನಗೇ ಆಶ್ಚರ್ಯವಾಗಿ ಬಾಯಿ ಮುಚ್ಚಿಕೊಂಡಳು. ಅವನು ಪರದೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ!

"ನಿಮ್ಮನ್ನೂ ಮನೇಲಿ ಹೀಗೇ ತಡೀತಿದ್ರಾ?" ಎಂದಳು, ಕಿವಿ ಕೆಂಪಾದದ್ದನ್ನು ಕೂದಲಿನಿಂದ ಮುಚ್ಚಿಕೊಳ್ಳುತ್ತ.

"ನನಗೆ ಬೇಡ ಅನ್ನೋರು ಯಾರೂ ಇರಲಿಲ್ಲ. ಅದಕ್ಕೇ ಸಿಕ್ಕಿದ್ದೆಲ್ಲ ಒತ್ತಿ, ಕೆಡಿಸಿ, ರಿಪೇರಿ ಕಲಿತೆ."

ಹಾಸ್ಯಕ್ಕೆಂದು ಹೇಳಿದ್ದು. ಆದರೆ ಅವನ ಕಣ್ಣು ನಗಲಿಲ್ಲ. ಆ ಮಧ್ಯಾಹ್ನ ಅವನು ಹೋದಮೇಲೂ ಗುಬ್ಬಿಗೆ ಆ ಮಾತೇ ಕಿವಿಯಲ್ಲಿ ಉಳಿಯಿತು. 'ನಾಳೆಯೂ ಇದು ಸರಿಹೋಗದಿರಲಿ...' ಎಂದು ಮನಸ್ಸು ಅಂದುಬಿಟ್ಟಿತು. ತಕ್ಷಣ ಅವಳು ತನ್ನನ್ನೇ ಗದರಿಕೊಂಡಳು. ಛೆ! ಏನು ಯೋಚನೆ ಇದು?

ಪ್ರಕಾಶನದ ಸಂಪಾದಕಿ ಮಾತ್ರ ಕಾಯಲಿಲ್ಲ. ಈ ವಾರ ಹಾಳೆಗಳು ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಗುಬ್ಬಿ ಖುದ್ದಾಗಿ ಹೋಗಿ ಬೇಡಿಕೊಂಡಳು. ಸಂಪಾದಕಿ ಗಡಿಯಾರ ನೋಡಿದರು, ಅವಳ ಮುಖ ನೋಡಲಿಲ್ಲ.

ಗುಬ್ಬಿ ಮನೆಗೆ ಬಂದಾಗ ಅವನು ಕಂಪ್ಯೂಟರ್ ಮುಂದೆ ಕೂತಿದ್ದ. ಪಕ್ಕದಲ್ಲಿ ಅಮ್ಮ. ಪರದೆಯ ಮೇಲೆ ಪ್ರಕಾಶನದ ಪುಟ ತೆರೆದಿತ್ತು, ಕೆಂಪು ಪಟ್ಟಿಯ ಸುಳಿವೇ ಇಲ್ಲ.

ಅವಳು ಓಡಿಬಂದು ಒಂದು ಪುಟ ಒತ್ತಿದಳು. ತೆರೆಯಿತು. ಇನ್ನೊಂದು ಒತ್ತಿದಳು. ಅದೂ ತೆರೆಯಿತು.

ಯಾರೂ ಬೇಡ ಅನ್ನಲಿಲ್ಲ.

ಅವಳು ಸ್ಪೀಕರ್ ಕಡೆ ತಿರುಗಿದಳು. "ಅಪ್ಪ... ಅಪ್ಪ ಎಲ್ಲಿ?"

ಅವನು ಎದ್ದು ನಿಂತ. ಅಮ್ಮನತ್ತ ಒಮ್ಮೆ ನೋಡಿದ. "ಆ್ಯಂಟಿವೈರಸ್ ತೆಗೆದೆ ಮೇಡಂ."

"ನನ್ನ ಕೇಳದೆ?"

"ಹೌದು."

"ಅಷ್ಟು ಹೇಳಿದ ಮೇಲೂ... ನಿಮಗೆ ಗೊತ್ತಾಗಿದೆ ಅಂದ್ಕೊಂಡಿದ್ದೆನಲ್ಲ! ಒಬ್ಬರಿಗಾದ್ರೂ ಗೊತ್ತಾಗಿದೆ ಅಂತ..." ಅವಳು ಬಾಗಿಲು ತೋರಿಸಿದಳು. "ಹೋಗಿ. ಇನ್ಮೇಲೆ ಈ ಮನೆ ಮೆಟ್ಟಿಲು ಹತ್ತಬೇಡಿ!"

ಅವನು ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ಹಾಕಿಕೊಂಡು ತುಟಿ ಪಿಟಕ್ಕೆನ್ನದೆ ಹೊರಟುಹೋದ.

ಕೆಲಸ ಉಳಿಯಿತು. ಹಾಳೆಗಳು ಸರಾಗವಾಗಿ ತೆರೆದವು, ಅವಳು ತಿದ್ದಿದಳು, ಕಳಿಸಿದಳು. ಸಂಪಾದಕಿ ಮೆಚ್ಚಿದರು. ಮನೆ ಮಾತ್ರ ಬಿಕೋ ಎನ್ನುತ್ತಿತ್ತು. ಪ್ರತಿ ಸಲ ಒತ್ತುವಾಗಲೂ ಅವಳ ಬೆರಳು ಅರೆಕ್ಷಣ ಕಾಯುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಅಡುಗೆಮನೆಯಿಂದ ಅಮ್ಮನ ಉತ್ತರವೂ ಬರುತ್ತಿರಲಿಲ್ಲ. ಸಿಟ್ಟು ಬಂದಾಗಲೆಲ್ಲ ಅವಳಿಗೆ ಅವನ ಮುಖ ನೆನಪಾಗುತ್ತಿತ್ತು, ಅಳು ಬಂದಾಗಲೂ ಅದೇ ಮುಖ. 'ಅಪ್ಪನೂ ಹೋದರು, ಅವನೂ ಹೋದ...' ಎಂದುಕೊಂಡು ದಿಂಬಿಗೆ ಮುಖ ಒತ್ತುತ್ತಿದ್ದಳು.

ಒಂದು ಸಂಜೆ ಅಮ್ಮ ಕಾಳು ಆರಿಸುತ್ತಿದ್ದವರು ಮೊರ ಬದಿಗಿಟ್ಟರು.

"ಅವನನ್ನ ಬೈಬೇಡ ಗುಬ್ಬಿ. ತೆಗಿ ಅಂತ ಹೇಳಿದ್ದು ನಾನು."

ಗುಬ್ಬಿ ದಂಗಾದಳು. "ಅಮ್ಮಾ! ನೀನಾ? ದಿನಾ ಉತ್ತರ ಕೊಡ್ತಿದ್ದೆಯಲ್ಲ ಅಪ್ಪಂಗೆ?"

"ಕೊಡ್ತಿದ್ದೆ. ಕೊಟ್ಟ ಮೇಲೆ ಒಲೆ ಮುಂದೆ ಅಳ್ತಿದ್ದೆ, ನಿನಗೆ ಕಾಣ್ತಿರಲಿಲ್ಲ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋದವರು ದಿನಾ ಬೇಡ ಬೇಡ ಅಂತಿದ್ರೆ ಇರೋ ಮಗು ಯಾವಾಗ ಬದುಕೋದು? ಅವನು ಆಗಲ್ಲ ಅಂತಲೇ ಕೂತಿದ್ದ. ನಾನು ಕೈ ಹಿಡ್ಕೊಂಡು ಕೇಳ್ಕೊಂಡೆ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿ ಬಾಯಿ ಕಟ್ಟಿಹೋಯ್ತು ಕಣೇ. ಅವನೂ ನನ್ನ ಹೆಸರು ಎತ್ತಲಿಲ್ಲ. ನಿನಗೆ ಉಳಿದಿರೋಳು ಅಮ್ಮ ಒಬ್ಬಳೇ, ಅವಳ ಮೇಲೆ ನಿನಗೆ ಸಿಟ್ಟು ಬರಬಾರದು ಅಂತಿರಬೇಕು."

ಗುಬ್ಬಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಬಹಳ ಹೊತ್ತು ಅತ್ತಳು.

ಮರುದಿನ ಬೆಳಗ್ಗೆ ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು. ಇಕ್ಕಟ್ಟಾದ ಓಣಿಯ ಕೊನೆಯಲ್ಲಿ ಒಂದು ಕೋಣೆ. ಬಿಚ್ಚಿಟ್ಟ ಕಂಪ್ಯೂಟರುಗಳು, ಸಿಕ್ಕುಗಟ್ಟಿದ ವೈರುಗಳು. ಅವನು ಒಂದು ಮುದಿ ಕಂಪ್ಯೂಟರಿನ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು.

"ಅಮ್ಮ ಎಲ್ಲ ಹೇಳಿದ್ರು..." ಎಂದಳು ಅವಳು ಬಾಗಿಲಲ್ಲೇ ನಿಂತು. "ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. ನೀವ್ಯಾಕೆ ಸುಮ್ನೆ ಕೇಳಿಸ್ಕೊಂಡ್ರಿ?"

"ತೆಗೆದ ಕೈ ನನ್ನದೇ ಅಲ್ವಾ ಮೇಡಂ." ಅವನು ಸ್ಟೂಲ್ ಮುಂದೆ ಸರಿಸಿದ. "ತೆಗೆಯೋ ಮುಂಚೆ ನಿಮ್ಮಪ್ಪನ ದನಿಯ ಫೈಲುಗಳನ್ನ ನಕಲು ಮಾಡ್ಕೊಂಡಿದ್ದೆ. ಆದ್ರೆ ನಿಮಗೆ ಬೇಕಿದ್ದು ತಾನಾಗಿ ಕರೆಯೋ ದನಿ. ಅದಕ್ಕೆ ಅದೇ ಹಳೇ ಆ್ಯಂಟಿವೈರಸ್ ಬೇಕು, ಅದು ಓಡೋಕೆ ಅಷ್ಟೇ ಹಳೇ ಯಂತ್ರ ಬೇಕು. ಆಗುತ್ತೆ ಅಂತ ಹೇಳಿ, ಆಮೇಲೆ ಆಗದಿದ್ರೆ? ನಿಮ್ಮಪ್ಪನ್ನ ಎರಡನೇ ಸಲ ಕಳ್ಕೊಳ್ತಿದ್ರಿ."

ಅವಳಿಗೆ ಆ ಮುದಿ ಕಂಪ್ಯೂಟರ್ ಆಗ ಕಂಡಿತು. ಅದರ ಪರದೆಯ ಮೂಲೆಯಲ್ಲಿ ಹಳೆಯ ಆ್ಯಂಟಿವೈರಸ್‌ನ ಅದೇ ಪರಿಚಿತ ಚಿಹ್ನೆ!

"ಓಡ್ತಿದೆಯಾ?" ಅವಳು ಪಿಸುಗುಟ್ಟಿದಳು.

"ಇವತ್ತು ಬೆಳಗ್ಗೆ ಮೊದಲ ಸಲ ಎದ್ದಿತು. ಎದ್ದದ್ದೇ ತಪಾಸಣೆ ಶುರು ಮಾಡ್ಕೊಂಡಿದೆ. ಇಂಟರ್ನೆಟ್ ಕೊಟ್ಟಿಲ್ಲ. ಮನೇಲಿ ಇದನ್ನ ಒಂದು ಮೂಲೇಲಿ ಇಡಿ, ನಿಮ್ಮ ಕೆಲಸಕ್ಕೆ ಅಡ್ಡ ಬರಲ್ಲ. ಬೇಕಾದಾಗ ಇಂಟರ್ನೆಟ್ ವೈರ್ ಚುಚ್ಚಿ ಪುಟ ತೆರೆದ್ರೆ, ಅವರು ಬೇಡ ಅಂತಾರೆ..."

ಅವನ ಮಾತು ಮುಗಿದಿರಲಿಲ್ಲ. ಪರದೆಯ ಮೇಲೆ ತೆವಳುತ್ತಿದ್ದ ಹಸಿರು ಗೆರೆ ಕೊನೆ ಮುಟ್ಟಿತು. ವರ್ಷಗಳ ಸಾಮಾನು ತುಂಬಿರದ ಆ ಖಾಲಿ ಯಂತ್ರದಲ್ಲಿ ತಪಾಸಣೆ ಮೊದಲ ಸಲ ಪೂರ್ತಿಯಾಗಿತ್ತು.

ಸ್ಪೀಕರ್ ಗೊರಗುಟ್ಟಿತು.

"ಎಲ್ಲಾ ನೋಡಿದೀನಿ ಗುಬ್ಬಿ... ಏನೂ ಭಯ ಇಲ್ಲ. ಇನ್ನು ನೀನು ಮುಂದೆ ಹೋಗು ಕಂದ."

ಗುಬ್ಬಿ ಪರದೆಯ ಹತ್ತಿರಕ್ಕೆ ಬಂದಳು.

"ಇದು... ಇದನ್ನ ನಾನು ಯಾವತ್ತೂ ಕೇಳಿಲ್ಲ!" ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು. "ಅಪ್ಪ ಇದನ್ನೂ ಹೇಳಿಟ್ಟಿದ್ರಾ? ನಾನು ಬರೀ ಬೇಡ ಅನ್ನೋದನ್ನೇ ಕೇಳ್ಕೊಂಡು ಕೂತಿದ್ದೆನಾ?"

"ನನಗೂ ಗೊತ್ತಿರಲಿಲ್ಲ. ಫೈಲುಗಳನ್ನ ಬಿಚ್ಚಿ ಕೇಳೋದು ಸರಿಯಲ್ಲ ಅನ್ನಿಸ್ತು. ಅವರು ಮಾತಾಡಿದ್ದು ನಿಮ್ಮ ಹತ್ತಿರ."

ಅಪ್ಪ ಹೋದಾಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಅಲ್ಲಾಡಿತು. ಪೂರ್ತಿ ಹೋಗಲಿಲ್ಲ, ಬಹುಶಃ ಎಂದೂ ಹೋಗದು. ಆದರೂ ಅವಳಿಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು. ಅವಳು ಕೈ ಚಾಚಿ ಅವನ ಬೆರಳು ಹಿಡಿದಳು.

"ಒಂದು ಮಾತು ಹೇಳ್ಲಾ ಮೇಡಂ? ನಿಮ್ಮ ಕಂಪ್ಯೂಟರ್ ಸರಿಹೋಗಬಾರದು ಅಂತ ದಿನಾ ಅಂದ್ಕೊಳ್ತಿದ್ದೆ. ಸರಿಹೋದ್ರೆ ಮತ್ತೆ ಬರೋಕೆ ನೆಪ ಇರಲ್ಲ ಅಂತ... ನನಗೆ ನೀವಂದ್ರೆ ತುಂಬಾ ಇಷ್ಟ."

"ಮೇಡಂ ಅನ್ನೋದು ಬಿಡಿ ಮೊದಲು."

"ಮತ್ತೆ ಏನನ್ಲಿ?"

"ನಿಮಗೆ ಗೊತ್ತಲ್ಲ ನನ್ನ ಹೆಸರು. ಆ ಕಂಪ್ಯೂಟರ್‌ಗೇ ಗೊತ್ತು."

ಅವನು ಮೆಲ್ಲಗೆ, ಮುರಿದುಹೋದೀತೋ ಎಂಬಂತೆ ಅಂದ. "ಗುಬ್ಬಿ..."

ಆ ಹೆಸರನ್ನು ಒಬ್ಬ ಗಂಡಸಿನ ಬಾಯಲ್ಲಿ, ಹತ್ತಿರದಿಂದ, ಜೀವಂತ ಕೇಳಿ ಎಷ್ಟು ಕಾಲವಾಗಿತ್ತು! ಅವಳು ಕಣ್ಣು ಮುಚ್ಚಿದಳು.

"ನಿಮ್ಮಪ್ಪ ನನ್ನನ್ನ ನೋಡಿದ್ದಿದ್ರೆ ಏನಂತಿದ್ರೋ," ಎಂದ ಅವನು. "'ಬೇಡ ಗುಬ್ಬಿ' ಅಂತಿದ್ರೇನೋ."

"ಅಂದಿದ್ರೂ ಏನು?" ಅವಳು ಅಳುತ್ತಲೇ ನಕ್ಕಳು. "ಅಮ್ಮನ್ನ ಕೇಳಿ, ನಾನು ಯಾವತ್ತು ಅವರ ಮಾತು ಕೇಳಿದ್ದೀನಿ?"