ಭಾನುವಾರ ಹೇಳದೆ ಉಳಿದದ್ದು

ಗೀತಾಂಜಲಿ ಮೊದಲ ಸಲ ಆ ಭಾನುವಾರದ ಕೂಟಕ್ಕೆ ಬಂದಾಗ ಸುಜೀಶ್ ಅವಳನ್ನು ಕೃಷಿಭವನದ ಹೊಸ ಆಫೀಸರ್ ಎಂದುಕೊಂಡ. ಎದ್ದು ನಿಂತು ಕುರ್ಚಿ ಕೊಟ್ಟ. ಅಪ್ಪ ತೀರಿಕೊಂಡ ಮೇಲೆ ಬೇಗೂರಿನ ಕಾಳುಮೆಣಸಿನ ನರ್ಸರಿಯನ್ನು ತಾನೇ ನಡೆಸುತ್ತಿರುವುದಾಗಿ ಅವಳು ಹೇಳಿದಾಗ ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾದದ್ದನ್ನು ಅವಳೊಬ್ಬಳೇ ನೋಡಿದಳು. ಕುರ್ಚಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ಗಡಿಯಾಚೆಯ ಕಾಟ್ಟಿಕ್ಕುಳದಿಂದ ತೋಲ್ಪೆಟ್ಟಿಯವರೆಗಿನ ಆರು ನರ್ಸರಿಯವರು ವಾರಕ್ಕೊಮ್ಮೆ ಹಿರಿಯರಾದ ಶ್ರೀಧರನ್ ಅವರ ಜಗಲಿಯಲ್ಲಿ ಸೇರುತ್ತಿದ್ದರು. ಗಿರಾಕಿಗಳಿಗಾಗಿ ಪೈಪೋಟಿ ಇದ್ದರೂ ಯಾವ ಗೊಬ್ಬರ ಹಿಡಿಯಿತು, ಯಾವುದು ಬೇರು ಸುಟ್ಟಿತು ಎಂಬುದನ್ನು ಅಲ್ಲಿ ಹಂಚಿಕೊಳ್ಳುತ್ತಿದ್ದರು. ಗೀತಾಂಜಲಿ ಕಲಿತದ್ದೆಲ್ಲ ಅಲ್ಲೇ. ಅದರಲ್ಲೂ ಹೆಚ್ಚಿನದು ಸುಜೀಶನಿಂದ.

ಬಳ್ಳಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸುವುದನ್ನು ಅವನು ತೋರಿಸಿಕೊಟ್ಟ. ಮಾರನೆಯ ದಿನ ಅವನು ಅವಳ ನರ್ಸರಿಗೆ ಬಂದಾಗ ಅವಳು ಬೇಕೆಂದೇ ತಪ್ಪಾಗಿ ಕತ್ತರಿಸಿದಳು.

“ನಿನ್ನೆ ಬಂದಿತ್ತಲ್ಲ ನಿಂಗೆ?”

“ಮರೆತುಹೋಯ್ತು ಸುಜೀಶೇಟ,” ಎಂದಳು, ಮಲಯಾಳದಲ್ಲಿ ತನಗಿಂತ ಹಿರಿಯ ಗಂಡಸರನ್ನು ಕರೆಯುವ ‘ಏಟ’ ಸೇರಿಸಿ, ತಲೆ ಎತ್ತದೆ. ಅವನು ನಗು ತಡೆದುಕೊಂಡದ್ದು ಉಸಿರಿನಲ್ಲೇ ಗೊತ್ತಾಯಿತು.

ಜೂನ್‌ನಲ್ಲಿ ಅವಳು ಎಲ್ಲರೆದುರು ಅವನ ಒಳ್ಳೆಯ ತಳಿಯ ಗಿಡ ಕೇಳಿದಳು. ಅವನು ಒಂದು ಗಳಿಗೆ ಸುಮ್ಮನಿದ್ದು ಒಪ್ಪಿದ. ಇನ್ನೂರು ಗಿಡಗಳನ್ನು ತಾನೇ ಜೀಪಿನಲ್ಲಿ ತಂದಿಳಿಸಿದ. ಆ ಮೌನವನ್ನು ಅವಳು ಸಂಕೋಚ ಎಂದುಕೊಂಡು, ಹಲವು ದಿನ ಅದನ್ನೇ ನೆನೆದು ಸುಖಪಟ್ಟಳು.

ಮೂರು ವಾರಕ್ಕೆ ಎಲೆಗಳ ಮೇಲೆ ಕಪ್ಪು ಕಲೆ ಬಿತ್ತು. ಸೊರಗು ರೋಗ, ಅಲ್ಲಿಯವರು ವಾಟ್ಟ ಎನ್ನುವುದು. ಬಿಡದ ಮಳೆಯಲ್ಲಿ ಅದು ಅಪ್ಪ ಬೆಳೆಸಿದ್ದ ಗಿಡಗಳಿಗೂ ಹಬ್ಬಿತು. ನೀರು ಹೆಚ್ಚಾಯಿತೇನೋ, ಮದ್ದು ತಡವಾಯಿತೇನೋ ಎಂದು ಅವಳು ತನ್ನನ್ನೇ ಬೈದುಕೊಂಡಳು. ನಾಲ್ಕು ಸಾವಿರ ಗಿಡ ಕಿತ್ತು ಸುಡುವ ಬೆಳಗ್ಗೆ ಸುಜೀಶ್ ಕರೆಯದೆಯೇ ಬಂದ. ಮಧ್ಯಾಹ್ನದವರೆಗೆ ಇಬ್ಬರೂ ಕಿತ್ತರು. ಕೊನೆಯ ಸಾಲಿನಲ್ಲಿ ಅವನು ಕುಸಿದು ಕೂತ.

“ನಿನ್ನ ತಪ್ಪಲ್ಲ ಗೀತ. ವಾಟ್ಟ ಮೊದಲು ಬಂದದ್ದು ನನ್ನಲ್ಲಿ. ನಿಂಗೆ ಕೊಡೋ ಹತ್ತು ದಿನ ಮೊದಲೇ ನೋಡಿದ್ದೆ. ನಾಲ್ಕೇ ಗಿಡ. ಕಿತ್ತು ಹಾಕಿದೆ, ಹೋಯ್ತು ಅಂದ್ಕೊಂಡೆ.”

“ಯಾಕೆ ಹೇಳಲಿಲ್ಲ?”

“ನೀನು ಎಲ್ಲರೆದುರು ಕೇಳಿದೆ. ಇಲ್ಲ ಅಂದಿದ್ರೆ ಯಾಕೆ ಅಂತಿದ್ರು. ರೋಗದ ನರ್ಸರಿ ಅಂತ ಹೆಸರು ಬಿದ್ರೆ ಮತ್ತೆ ಯಾರು ಬರ್ತಾರೆ?” ಆಮೇಲೆ ನೆಲ ನೋಡುತ್ತ, “ಹೆಣ್ಣು ಕೇಳೋಕೆ ನಿಮ್ಮನೆಗೆ ಬರ್ಬೇಕು ಅಂತಿದ್ದೆ. ಸೋತು ಬರೋಕೆ ಮನಸ್ಸಾಗಲಿಲ್ಲ,” ಎಂದ.

ಅವಳು ವರ್ಷದಿಂದ ಕಾದಿದ್ದ ಮಾತು ಹೊಗೆಯ ನಡುವೆ, ಇಂಥ ಮಾತಿನ ಬೆನ್ನಿಗೆ ಬಂತು. ಅವಳು ಅಳಲಿಲ್ಲ. ಅವನಿಂದ ಗಿಡ ಒಯ್ದವರು ಇನ್ನೂ ಇಬ್ಬರಿದ್ದಾರೆ, ಭಾನುವಾರ ಜಗಲಿಯಲ್ಲಿ ಹೇಳಲೇಬೇಕು, ತಾನೂ ಪಕ್ಕದಲ್ಲಿ ಕೂರುತ್ತೇನೆ ಎಂದಳು.

ಅವನು ಹೇಳಿದ. ಆಮೇಲೆ ಶ್ರೀಧರನ್, ಹೋದ ವರ್ಷ ತಮ್ಮಲ್ಲೂ ಬಂದಿತ್ತು, ಹಳೆಯ ಮಣ್ಣನ್ನೇ ಮತ್ತೆ ತುಂಬಿದ್ದ ಚೀಲಗಳಲ್ಲಿ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ತೋಲ್ಪೆಟ್ಟಿಯ ನರ್ಸರಿಯ ಯಶೋದಕ್ಕ, ತಮ್ಮಲ್ಲಿ ನೆಲದ ಮೇಲಿಟ್ಟದ್ದು ಸತ್ತು ಬಿದಿರಿನ ಅಟ್ಟಣೆಯ ಮೇಲಿಟ್ಟದ್ದು ಉಳಿದಿತ್ತು ಎಂದರು. ಒಬ್ಬೊಬ್ಬರು ಒಂದೊಂದು ಚೂರು ಬಚ್ಚಿಟ್ಟುಕೊಂಡಿದ್ದ ತಿಳಿವಳಿಕೆ ಒಂದೇ ಬೆಳಗ್ಗೆ ಒಟ್ಟಾಯಿತು. ವರ್ಷದ ಹಿಂದೆ ಒಬ್ಬರಾದರೂ ಹೇಳಿದ್ದರೆ ಅಪ್ಪನ ಗಿಡಗಳು ಉಳಿಯುತ್ತಿದ್ದವು.

ಸುದ್ದಿ ಹೊರಗೂ ಹೋಯಿತು. ಸುಜೀಶನ ಗಿರಾಕಿಗಳು ತಿಂಗಳೊಳಗೆ ಕರಗಿದರು. ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಹೊರಡುವ ದಿನ ಅವಳು ಬಸ್ ಸ್ಟಾಪಿಗೆ ಬಂದಳು. ಮದುವೆಯಾಗಿ ಜೊತೆಗೆ ಬರುತ್ತೀಯಾ ಎಂದು ಅವನು ಕೇಳಿದ.

“ಇಷ್ಟ ಇಲ್ಲ ಅಂತಲ್ಲ ಸುಜೀಶೇಟ. ಆದರೆ ಈಗ ನೀವು ಸುಮ್ಮನಾದಾಗೆಲ್ಲ ಏನು ಮುಚ್ಚಿಡ್ತಿದ್ದೀರಿ ಅಂತ ನೋಡ್ತೀನಿ. ಅಂಥ ಕಣ್ಣಿಟ್ಕೊಂಡು ಒಂದೇ ಮನೇಲಿ ಹೇಗಿರೋದು?”

ಅವನು ತಲೆಯಾಡಿಸಿದ. ಕುಟ್ಟದ ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, ಬಿಸಿಲು ಬಂದಾಗ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿ ಒಂದು ತಿಂಗಳು ಕಾದು ಬಿಸಿಯಾಗಲು ಬಿಡು, ರೋಗ ಸಾಯುತ್ತದೆ ಎಂದ.

ಬಸ್ಸು ಕಾಡಿನ ತಿರುವು ದಾಟಿತು. ಅವಳು ಯಶೋದಕ್ಕನಿಗೆ ಫೋನ್ ಮಾಡಿ ಅದು ನಿಜವೇ ಎಂದು ಕೇಳಿದಳು. ನಿಜ ಎಂದರು ಅವರು. ಫೋನ್ ಇಟ್ಟು, ರಸ್ತೆಯ ಬದಿಯಲ್ಲೇ ಕೂತು ಅತ್ತಳು.