ಚಪ್ಪಾಳೆಯ ಮುಳ್ಳು

ಹೆಂಡತಿಯ ಅಣ್ಣ ಹಾಡುತ್ತಾನೆಂದು ವೈರಪ್ಪನಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಹಾಡಿಕೊಳ್ಳಲಿ, ಬಾಯಿ ಅವನದು. ಆದರೆ ಕಾರ್ಖಾನೆಯ ಸಭಾಂಗಣದ ಮೈಕು, ವೈರು ನೋಡಿಕೊಳ್ಳುವ ಇವನಿಗೆ ಊರೆಲ್ಲ ಕರೆಯುವ ಈ ‘ವೈರಪ್ಪ’ ಎಂಬ ಅಡ್ಡಹೆಸರಿಟ್ಟವನೂ ಆ ಭಾವನೇ. ಸಾಲದ್ದಕ್ಕೆ, ಈ ಸಲದ ಹಾಡಿನ ಸ್ಪರ್ಧೆ ಗೆದ್ದರೆ ವಾಡಿಕೆಯಂತೆ ಕಾರ್ಖಾನೆಯ ಕಲಾಸಂಘಕ್ಕೆ ಅವನೇ ಕಾರ್ಯದರ್ಶಿ. ಆಮೇಲೆ ಏನು ಮಾಡುತ್ತೇನೆಂದು ಕ್ಯಾಂಟೀನಿನಲ್ಲಿ ಎಲ್ಲರೆದುರೇ ಹೇಳಿಬಿಟ್ಟಿದ್ದ.

“ವೈರಪ್ಪ, ಮೊದಲು ನಿನ್ನ ಆ ತಂತಿಗೂಡನ್ನ ಗುಡಿಸಿಹಾಕ್ತೀನಿ ನೋಡು. ಅಂಗಡಿಯಿಂದ ಒಂದು ರೆಡಿಮೇಡ್ ಸೌಂಡ್ ಡಬ್ಬಿ ತಂದಿಟ್ರೆ ಸಾಕು, ನಿನ್ನ ಕೆಲಸಾನೂ ಅದೇ ಮಾಡುತ್ತೆ!”

ಇಪ್ಪತ್ತೆರಡು ವರ್ಷ ಕೈಯಾರೆ ಕಟ್ಟಿದ ಧ್ವನಿಕೋಣೆ ಅದು. ವೈರಪ್ಪ ನಕ್ಕ. ಅವನು ನಕ್ಕನೆಂದರೆ ಉಳಿದವರು ಹುಷಾರಾಗಿರಬೇಕು.

ಸ್ಪರ್ಧೆಗೆ ತೀರ್ಪುಗಾರರಿಲ್ಲ. ಜನರ ಚಪ್ಪಾಳೆಯನ್ನು ಸೂರಿನ ಮೈಕು ಕೇಳಿಸಿಕೊಳ್ಳುತ್ತದೆ, ವೇದಿಕೆಯ ದೊಡ್ಡ ಮೀಟರಿನ ಮುಳ್ಳು ಅಳೆಯುತ್ತದೆ. ಮೈಕಿಗೂ ಮೀಟರಿಗೂ ನಡುವೆ ಕೂತವನು ವೈರಪ್ಪ. ಅಲ್ಲೊಂದು ಪುಟ್ಟ ಸರ್ಕ್ಯೂಟು ಸೇರಿಸಿದ. ಮೇಜಿನಡಿಯ ಸ್ವಿಚ್ಚನ್ನು ಮೊಣಕಾಲಲ್ಲಿ ಒತ್ತಿದರೆ ಮೈಕಿನಿಂದ ಬಂದದ್ದು ಅರ್ಧಕ್ಕರ್ಧ ಇಳಿಯಬೇಕು. ಪೂರ್ತಿ ಬೇಡ, ಸಿಕ್ಕಿಬೀಳುವವರೆಲ್ಲ ದುರಾಸೆಯವರೇ. ಮೊದಮೊದಲು ಸ್ವಿಚ್ಚು ಬಿದ್ದಾಗ ಮುಳ್ಳು ಚೇಳು ಕಡಿದಂತೆ ಹಾರುತ್ತಿತ್ತು. ಅದಕ್ಕೂ ಒಂದು ಫಿಲ್ಟರು ಹಾಕಿದ ಮೇಲೆ ಬೆಣ್ಣೆಯ ಮೇಲೆ ಜಾರಿದಂತೆ ಇಳಿಯತೊಡಗಿತು. ಇನ್ನೂ ಭದ್ರವಾಗಿರಲೆಂದು, ಎಲ್ಲರೂ ಮುಳ್ಳನ್ನೇ ನೋಡುವ ಚಪ್ಪಾಳೆಯ ಹೊತ್ತಿಗಲ್ಲ, ಭಾವ ವೇದಿಕೆ ಹತ್ತುವಾಗಲೇ ಒತ್ತಿಬಿಡುವುದೆಂದು ತೀರ್ಮಾನಿಸಿದ.

ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಭಾವ ಜೀವತುಂಬಿ ಹಾಡಿದ. ಸಭೆ ಎದ್ದು ನಿಂತು ತಟ್ಟಿತು. ಮುಳ್ಳು ನಲವತ್ತಮೂರಕ್ಕೇ ನಿಂತಿತು. ಕ್ಯಾಂಟೀನಿನ ಅಡುಗೆಯವನು ಎಪ್ಪತ್ತೊಂದು ಹೊಡೆದು ಗೆದ್ದ.

ಭಾವ ಧ್ವನಿಕೋಣೆಯ ಬಾಗಿಲಿಗೆ ಬಂದು ಒರಗಿದ. “ನಿನ್ನ ಗೂಡು ಉಳೀತು ಬಿಡು ವೈರಪ್ಪ. ಜನಕ್ಕೆ ನನ್ನ ಹಾಡು ಸಾಕಾಗಿದೆ ಅನ್ಸುತ್ತೆ.”

ವೈರಪ್ಪನಿಗೆ ಪಾಪ ಅನ್ನಿಸಿತು. ಪೂರ್ತಿ ಅಲ್ಲ, ಅರ್ಧಕ್ಕರ್ಧ.

ಅಷ್ಟರಲ್ಲಿ ಅಂಕ ಬರೆದುಕೊಳ್ಳಲು ಮೀಟರಿನ ಪಕ್ಕ ಕೂತಿದ್ದ ಗಣಿತದ ಟೀಚರಮ್ಮ ಪುಸ್ತಕ ಹಿಡಿದು ಬಂದರು. “ಒಂದು ಅನುಮಾನ ವೈರಪ್ಪನವರೇ. ಯಾರೂ ತಟ್ಟದೇ ಇರುವಾಗ ಮುಳ್ಳು ಎಷ್ಟಿರುತ್ತೆ ಅಂತ ಪ್ರತಿ ಹಾಡಿಗೂ ಮೊದಲು ಬರ್ಕೊಂಡಿದೀನಿ, ಕೊನೆಗೆ ಕಳೀಬೇಕಲ್ಲ. ಫ್ಯಾನುಗಳ ಸದ್ದಿಗೇ ಎಲ್ಲರಿಗೂ ಎಂಟು ಇದೆ. ನಿಮ್ಮ ಭಾವ ಬಂದಾಗ ಮಾತ್ರ ನಾಲ್ಕು. ಅರ್ಧ ಫ್ಯಾನು ನಿಂತಿದ್ವಾ?” ವೈರಪ್ಪ ಕತ್ತೆತ್ತಿ ನೋಡಿದ. ಆರೂ ಫ್ಯಾನುಗಳು ಗುಂಯ್ ಎಂದು ತಿರುಗುತ್ತಿದ್ದವು. ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಆ ಸದ್ದು ಅವನ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು.