ನಾಲ್ಕನೇ ಜ್ವರ

"ಅಲ್ಲೇ ನಿಂತ್ಕೊಳ್ರೀ! ಇನ್ನೊಂದು ಹೆಜ್ಜೆ ಇಟ್ರೆ ನಲವತ್ತು ಸಾವಿರ ಜೀವ ಹೋಗ್ತವೆ!"

ಕಲ್ಯಾಣಿ ಕೂಗಿದ ರಭಸಕ್ಕೆ ಸ್ಕಂದಗಿರಿಯ ಮೇಲಿನ ಮೋಡ ಅರ್ಧ ಕಿಲೋಮೀಟರ್ ಹಿಂದೆ ಸರಿಯಿತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗದ್ದಲ ಮಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಬೇಕಿದ್ದರೆ ನಂದಿ ಹಾಲ್ಟಿನಲ್ಲಿ ವಿಚಾರಿಸಿ, ಆ ದಿನ ರೈಲು ಕೂಡ ಬೆಚ್ಚಿ ಎರಡು ನಿಮಿಷ ಹೆಚ್ಚಿಗೆ ನಿಂತಿತ್ತು!

ಬಾಗಿಲಲ್ಲಿದ್ದ ಯುವಕನ ಬಲಗಾಲು ಗಾಳಿಯಲ್ಲೇ ಉಳಿಯಿತು.

ಆರಡಿ ಎತ್ತರ. ಮಡಿಕೆ ಮುರಿಯದ ಬಿಳಿ ಅಂಗಿ. ಮುಖ ನೋಡಿಕೊಂಡು ತಲೆ ಬಾಚಬಹುದಾದಂಥ ಬೂಟು. ಜೊತೆಗೆ... ಸೆಂಟು! ಚಿಂತಾಮಣಿಯವರೆಗೂ ಹೊಡೆಯುವಂಥ ಸೆಂಟು!

"ನಾನು ಚನ್ನಕೇಶವ. ನೇಪಾಳದ ಅತಿಥಿಗಳ ಜೊತೆ ದೆಹಲಿಯಿಂದ ಬಂದಿರೋ ದುಭಾಷಿ..."

"ದೇವೇಂದ್ರನೇ ಆಗಿರಿ! ಚಾಕಿ ಮನೆಗೆ ಸೆಂಟ್ ಹಾಕ್ಕೊಂಡು, ಬೂಟು ಹಾಕ್ಕೊಂಡು ಬರ್ತಾರಾ ಯಾರಾದ್ರೂ? ಈ ವಾಸನೆಗೆ ನನ್ನ ಹುಳ ಒಂದೂ ಉಳಿಯಲ್ಲ!"

ಹೇಳುತ್ತಲೇ ಪಕ್ಕದ ಬಕೆಟ್ಟಿನ ಬ್ಲೀಚಿಂಗ್ ನೀರನ್ನು ಬೂಟಿನ ಮೇಲೆ ದಬದಬನೆ ಸುರಿದುಬಿಟ್ಟಳು.

'ಅಯ್ಯೋ... ಸರ್ಕಾರದ ಮನುಷ್ಯನ ಮೇಲೆ ಸುರಿದುಬಿಟ್ನಲ್ಲಾ!'

ಅವನು ಬೂಟು ನೋಡಿದ. ಅವಳನ್ನು ನೋಡಿದ. ಆಮೇಲೆ ನಕ್ಕ.

ಕಲ್ಯಾಣಿಯ ಎದೆ ಧಸಕ್ಕೆಂದಿತು. 'ನಗೋದಕ್ಕೇನಿದೆ ಇದರಲ್ಲಿ? ...ಆದ್ರೂ ನಗು ಚೆನ್ನಾಗಿದೆ.'

ಚಾಕಿ ಮನೆಯೆಂದರೆ ಆಗ ತಾನೇ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ಹತ್ತು ದಿನ ಸಾಕುವ ಬಾಣಂತಿ ಮನೆ. ಕಲ್ಯಾಣಿಯಷ್ಟು ಚೆನ್ನಾಗಿ ಚಾಕಿ ಸಾಕುವವರು ಭೂಮಿಯ ಮೇಲಿಲ್ಲ. ಆಕಾಶದಲ್ಲಿದ್ದಾರೋ ಏನೋ, ಖಚಿತವಿಲ್ಲ.

ಅತ್ತ ನೇಪಾಳದಲ್ಲಿ ಸರ್ಕಾರ ಬಿದ್ದು, ಚುನಾವಣೆಯವರೆಗೆ ನಡೆಸಲು ಮಧ್ಯಂತರ ಸರ್ಕಾರ ಬಂದಿತ್ತು. ಗುಡ್ಡಗಾಡಿನ ಮುನ್ನೂರು ಹೆಂಗಸರಿಗೆ ರೇಷ್ಮೆ ಮೊಟ್ಟೆ ಕೊಡುತ್ತೇವೆಂದು ಭಾರತ ಮಾತು ಕೊಟ್ಟದ್ದು ಹಳೆಯ ಸರ್ಕಾರಕ್ಕೆ. ಹೊಸಬರು ಒಪ್ಪುತ್ತಾರೋ ಇಲ್ಲವೋ? ಕಣ್ಣಾರೆ ಕಂಡು ಹೇಳಲು ಆ ಹೆಂಗಸರ ಸಂಘದ ಡೋಲ್ಮಾ ತಾಮಾಂಗ್ ಬಂದಿದ್ದರು. ಅದೇ ತಳಿಯ ಹುಳುಗಳನ್ನು ಕಲ್ಯಾಣಿ ಸಾಕಿ ತೋರಿಸಬೇಕು. ಅವು ಆರೋಗ್ಯವಾಗಿದ್ದರೆ ಶನಿವಾರ ದೇವನಹಳ್ಳಿಯಿಂದ ಮೊಟ್ಟೆಗಳು ವಿಮಾನ ಹತ್ತುತ್ತವೆ.

ಮೊಟ್ಟೆಗಳನ್ನು ಆಗಲೇ ಶೀತಲ ಕೋಣೆಯಿಂದ ಹೊರಗೆ ತೆಗೆದಾಗಿತ್ತು. ಮೊಟ್ಟೆಗೆ ಹಳೆ ಸರ್ಕಾರ, ಹೊಸ ಸರ್ಕಾರ ಗೊತ್ತೇ? ದಿನ ತುಂಬಿದರೆ ಒಡೆಯುತ್ತದೆ ಅಷ್ಟೇ!

ಮರುದಿನ ಕೇಶವ ಬರಿಗಾಲಲ್ಲಿ ಬಂದ. ಸೆಂಟಿಲ್ಲ. ಕೇಳದೆಯೇ ಕಾಲು ತೊಳೆದು ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕುಳಿತ.

ಕಲ್ಯಾಣಿಯ ಅಜ್ಜಿ ಮುನಿಶಾಮಮ್ಮ ಕನ್ನಡಕ ಏರಿಸಿ ನೋಡಿದಳು.

"ಏಮಿ ನಾಯ್ನಾ, ಸೊಪ್ಪು ಹೆಚ್ತಿದೀಯೋ, ಅದಕ್ಕೆ ಗಡ್ಡ ಬೋಳಿಸ್ತಿದೀಯೋ?"

"ಹುಟ್ಟಿದ್ದು ಗೌರಿಬಿದನೂರಾದ್ರೂ ದೆಹಲೀಲಿ ಬೆಳೆದೋನು ಅಜ್ಜಿ. ಕೈಗೆ ಪೆನ್ನು ಬಿಟ್ಟು ಬೇರೆ ಗೊತ್ತಿಲ್ಲ."

"ಗೌರಿಬಿದನೂರಲ್ಲಿ ಹುಟ್ಟಿ ಸೊಪ್ಪು ಹೆಚ್ಚಕ್ಕೆ ಬರಲ್ಲ ಅಂದ್ರೆ! ನಿಮ್ಮಮ್ಮ ಏನ್ ತಿನ್ನಿಸಿ ಸಾಕಿದ್ಲಪ್ಪ ನಿನ್ನ?"

ಭಾಷೆ ಬಾರದಿದ್ದರೂ ಡೋಲ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೇ ದಿನ ಅವನು ಕಲ್ಯಾಣಿಯ ತಲೆಯತ್ತ ಕೈಚಾಚಿ, ತಟ್ಟನೆ ಹಿಂದೆಳೆದುಕೊಂಡ.

"ಏನು?"

"ಕೂದಲಲ್ಲಿ ಸೊಪ್ಪಿನ ಚೂರಿದೆ. ತೆಗೀತಿದ್ದೆ... ಆದ್ರೆ ಕೈ ತೊಳ್ದಿಲ್ಲ."

'ತೊಳ್ಕೊಂಡು ಬರಬಾರದಾ ಹಾಗಾದ್ರೆ...' ಛೀ! ಏನಿದು ತನ್ನ ಮನಸ್ಸು? ಅವಳು ಆ ಚೂರನ್ನು ಇಡೀ ದಿನ ತೆಗೆಯಲಿಲ್ಲ.

ನಾಲ್ಕನೇ ದಿನ ವರದಿ ಕಳಿಸಲೆಂದು ಕೇಶವ ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಿದ್ದ. ಮಧ್ಯಾಹ್ನ ಫೋನ್ ಮಾಡಿದ.

"ಹುಳ ಹೇಗಿವೆ ಕಲ್ಯಾಣಿಯವರೇ?"

"ಸೂಪರ್! ಎಲ್ಲಾ ಒಟ್ಟಿಗೆ ಜ್ವರಕ್ಕೆ ಕೂತಿವೆ! ಒಂದೂ ಸೊಪ್ಪು ಮುಟ್ತಿಲ್ಲ!"

ಆ ಕಡೆ ಪೆನ್ನು ಬಿದ್ದ ಸದ್ದು.

"ಎಲ್ಲಾ... ನಾ?"

"ಒಂದೂ ಬಿಟ್ಟಿಲ್ಲ ಕಣ್ರೀ!" ಎಂದು ನಕ್ಕಳು ಅವಳು.

'ಪಾಪ, ಸಂಕಟ ತಡೀಲಾರದೆ ನಗ್ತಿದಾಳೆ...' ಎಂದುಕೊಂಡ ಕೇಶವ. ಕೂಡಲೇ ವರದಿಯಲ್ಲಿ ಬರೆದ: ಎಲ್ಲ ಹುಳುಗಳಿಗೂ ಜ್ವರ. ಆಹಾರ ತ್ಯಜಿಸಿವೆ. ಅರ್ಧ ಗಂಟೆಯಲ್ಲಿ ಆ ಎರಡು ಸಾಲು ಎರಡು ರಾಜಧಾನಿಗಳನ್ನು ತಲುಪಿದವು.

ಬೆಳಿಗ್ಗೆ ಡೋಲ್ಮಾ ಅಳುತ್ತಾ ಬಂದರು. ಕೈಯಲ್ಲಿ ಮೊಬೈಲ್. ಅದರಲ್ಲಿ ಕಾಠ್ಮಂಡುವಿನ ಆದೇಶ.

"ರೋಗ್ ಹೈ, ಬೋಲಾ... ಅಂಡಾ ಸಬ್ ಜಲಾ ದೋ, ಬೋಲಾ..."

ಮೊಟ್ಟೆಗಳನ್ನು ಸುಡಬೇಕಂತೆ! ಕಲ್ಯಾಣಿಯ ಕಾಲಡಿಯ ನೆಲ ಪಾತಾಳಕ್ಕೆ ಜಾರಿತು. ಮುನ್ನೂರು ಹೆಂಗಸರು ಕಾಯುತ್ತಿರುವ ಮೊಟ್ಟೆಗಳು! ತನ್ನ ಹೆಸರಿಗೆ ರೋಗದ ಮಸಿ! ಬರೆದವನು ಯಾರು? ಅವನೇ.

'ಬೂಟಿಗೆ ನೀರು ಸುರಿದದ್ದಕ್ಕೆ ಇಷ್ಟು ದೊಡ್ಡ ಸೇಡಾ? ಸೊಪ್ಪು ಹೆಚ್ಚಿದ್ದು, ಕೂದಲ ಕಡೆ ಕೈ ಚಾಚಿದ್ದು... ಎಲ್ಲಾ ನಾಟಕವಾ?'

ಅಷ್ಟರಲ್ಲಿ ಕೇಶವ ಏದುಸಿರು ಬಿಡುತ್ತಾ ಓಡಿ ಬಂದ. ಒಬ್ಬನೇ ಅಲ್ಲ... ಗೌರಿಬಿದನೂರಿನಿಂದ ಪಶುವೈದ್ಯ ಚೆನ್ನರಾಯಪ್ಪನವರನ್ನು ಚೀಲದ ಸಮೇತ ಎಳೆದುಕೊಂಡು!

"ಡಾಕ್ಟ್ರೇ, ಬೇಗ! ಎಲ್ಲಕ್ಕೂ ಜ್ವರ! ಇಂಜೆಕ್ಷನ್ ಏನಾದ್ರೂ..."

ವೈದ್ಯರು ಹುಳುಗಳ ತಟ್ಟೆ ನೋಡಿದರು. ಕೇಶವನನ್ನು ನೋಡಿದರು. ಹಣೆ ಚಚ್ಚಿಕೊಂಡರು.

"ಅಲ್ರೀ ಸಾರ್! ಈ ಜ್ವರಕ್ಕಾ ನನ್ನ ತಿಂಡಿ ಬಿಡಿಸಿ ಕರ್ಕೊಂಡ್ ಬಂದಿದ್ದು?"

ಮುನಿಶಾಮಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಯ್ಯೋ ದೇವುಡಾ! ಜ್ವರ ಅಂದ್ರೆ ಕಾಯಿಲೆ ಅಲ್ಲ ನಾಯ್ನಾ. ಹುಳ ಪೊರೆ ಬಿಡೋದು. ಊಟ ಬಿಟ್ಟು, ತಲೆ ಎತ್ಕೊಂಡು ಸುಮ್ನೆ ಕೂತ್ಕೊತದೆ. ಹಳೇ ಚರ್ಮ ಕಳಚಿ ಹೊಸಾದ್ರಲ್ಲಿ ಎದ್ದೇಳ್ತದೆ. ಹಿಂಗೆ ನಾಲ್ಕು ಜ್ವರ. ನಾಲ್ಕನೇದು ಎದ್ದ್ಮೇಲೆ ಗೂಡು ಕಟ್ತದೆ."

ಕೇಶವನ ಮುಖ ಸುಣ್ಣವಾಯಿತು.

"ಒಂದು ಮಾತು ಕೇಳ್ಬೋದಿತ್ತಲ್ವಾ?" ಎಂದಳು ಕಲ್ಯಾಣಿ.

"ನೀವು ನಗ್ತಾ ಹೇಳಿದ್ರಿ... ನೋವು ಮುಚ್ಚಿಡಕ್ಕೆ ನಗ್ತಿದೀರ ಅಂದ್ಕೊಂಡೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ."

ಅವಳು ವೈದ್ಯರ ಚೀಲ ನೋಡಿದಳು. ಹುಳಕ್ಕೆ ಇಂಜೆಕ್ಷನ್! ಸೇಡು ತೀರಿಸಿಕೊಳ್ಳುವವನು ಡಾಕ್ಟರನ್ನು ಕರೆತರುತ್ತಾನೆಯೇ? ಅಳಬೇಕೆಂದುಕೊಂಡವಳಿಗೆ ನಗು ಉಕ್ಕಿತು. ಎರಡೂ ಒಟ್ಟಿಗೆ ಬಂದವು.

ಕೇಶವ ಫೋನ್ ಹಿಡಿದ. ದೆಹಲಿಗೆ ಹಿಂದಿಯಲ್ಲಿ, ಕಾಠ್ಮಂಡುವಿಗೆ ನೇಪಾಳಿಯಲ್ಲಿ ಹೇಳಿದ್ದನ್ನೇ ಹೇಳಿದ. ಆ ವೇಗದಲ್ಲಿ ಕಲ್ಯಾಣಿಗೆ ಅರ್ಥವಾದದ್ದು ಒಂದೇ, ಎರಡೂ ಕಡೆ ಅವನು ತನ್ನದೇ ಹೆಸರನ್ನು ಬಿಡಿಸಿ ಬಿಡಿಸಿ ಬರೆಸುತ್ತಿದ್ದಾನೆ.

"ಏನ್ ಹೇಳ್ತಿದೀರ?"

"ತಪ್ಪು ಕಲ್ಯಾಣಿಯವರದ್ದಲ್ಲ, ಚನ್ನಕೇಶವಂದು ಅಂತ."

"ಕೆಲ್ಸ ಹೋದ್ರೆ?"

"ಮೊಟ್ಟೆ ಹೋಗಬಾರದು."

ಕಾಠ್ಮಂಡುವಿನ ಅಧಿಕಾರಿ ವಿಡಿಯೋ ಕರೆಯಲ್ಲಿ ಬಂದರು. ನರೆತ ತಲೆ, ದಣಿದ ಕಣ್ಣು. ಸಹಿ ಹಾಕಲು ಮಂತ್ರಿಯೇ ಇಲ್ಲ, ಹೊಣೆ ತಮ್ಮೊಬ್ಬರದೇ, ಕಣ್ಣಿಗೆ ಕಾಣದೆ ಒಪ್ಪಲಾರೆ ಎಂದರು. ಕಲ್ಯಾಣಿ ಫೋನನ್ನು ತಟ್ಟೆಯ ಮೇಲೆ ಹಿಡಿದಳು. ಆಗ... ಆ ಕ್ಷಣಕ್ಕೇ... ಒಂದು ಹುಳು ತಲೆ ಅಲ್ಲಾಡಿಸಿತು. ಹಿಂದೆಯೇ ಇನ್ನೊಂದು. ಕಂದು ಪೊರೆ ಬಿಟ್ಟು ಹೊಸ ಮೈಯಲ್ಲಿ ಹರಿದು ಬಂದವು. ನಲವತ್ತು ಸಾವಿರವೂ ಕವಾಯತು ಮಾಡಿದವು ಎಂದರೆ ತಪ್ಪೇನಿಲ್ಲ!

ಅಧಿಕಾರಿ ಏನೋ ಕೇಳಿದರು. ಕೇಶವ ಕನ್ನಡಕ್ಕೆ ತಂದ: "ಜ್ವರಕ್ಕೆ ಕೂತಾಗ ಯಾಕೆ ಸೊಪ್ಪು ಹಾಕಲ್ಲ ಅಂತ ಕೇಳ್ತಿದಾರೆ."

"ಆವಾಗ ಹಾಕಿದ್ರೆ ಅದರ ಮೇಲೇ ಕೊಳೆಯುತ್ತೆ. ಪಕ್ಕದಲ್ಲಿ ಕಾಯ್ತಾ ಇರ್ಬೇಕು ಅಷ್ಟೇ. ಎದ್ದ ತಕ್ಷಣ ಹಸಿವು ಜೋರು, ಆವಾಗ ಎಳೆ ಸೊಪ್ಪು ರೆಡಿ ಇರ್ಬೇಕು. ತಡ ಮಾಡಿದ್ರೆ ಸೊರಗ್ತವೆ."

ಕೇಶವ ಇದನ್ನು ನೇಪಾಳಿಯಲ್ಲಿ ಹೇಳಿದ, ತುಂಬಾ ನಿಧಾನವಾಗಿ. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಎರಡು ಮಾತು ಹೇಳಿದರು.

ಡೋಲ್ಮಾ ಚೀರಿ ಕಲ್ಯಾಣಿಯನ್ನು ತಬ್ಬಿದರು.

"ಏನಂದ್ರು?"

"ನಮ್ಮ ದೇಶಾನೂ ಈಗ ಜ್ವರಕ್ಕೆ ಕೂತಿದೆ, ಮೊಟ್ಟೆ ಕಳಿಸಿ ಅಂದ್ರು," ಎಂದ ಕೇಶವ. ಅವನ ಕಣ್ಣೂ ಒದ್ದೆಯಾಗಿತ್ತು.

ಶನಿವಾರ ಮೊಟ್ಟೆಗಳು ಹಾರಿದವು. ಜೊತೆಗೆ ಅವನೂ. ಹುಳುಗಳು ಗೂಡು ಕಟ್ಟುವವರೆಗೂ ತಪ್ಪು ಮಾಡಿದವನೇ ಅಲ್ಲಿ ನಿಂತು ಬರಬೇಕೆಂದು ದೆಹಲಿಯ ಆಜ್ಞೆ. ಹೊರಡುವಾಗ ಅವನು ಏನೋ ಹೇಳಲು ಬಾಯಿ ತೆರೆದ. ಕಾರು ಹಾರ್ನ್ ಹೊಡೆಯಿತು. ಕಲ್ಯಾಣಿ ಆ ಕಾರಿಗೆ ಏಳೇಳು ಜನ್ಮಕ್ಕಾಗುವಷ್ಟು ಶಾಪ ಹಾಕಿದಳು.

ಆಮೇಲೆ ಫೋಟೋಗಳು ಬಂದವು. ಬೆಟ್ಟದ ಮನೆ, ಬಿದಿರಿನ ತಟ್ಟೆ. 'ಮೊದಲನೇ ಜ್ವರ.' ನಾಲ್ಕು ದಿನ ಬಿಟ್ಟು, 'ಎರಡನೇದು.' ಮತ್ತೆ, 'ಮೂರನೇದು.'

ನಾಲ್ಕನೇದು ಬರಲೇ ಇಲ್ಲ.

ಐದು ದಿನ. ಹತ್ತು ದಿನ. ಹದಿನೈದು... ಕಲ್ಯಾಣಿ ಫೋನ್ ನೋಡಿ ನೋಡಿ ಅದರ ಗಾಜು ಸವೆದು ಕಾಗದವಾಯಿತು.

"ಊಟ ಮಾಡೇ," ಎಂದಳು ಅಜ್ಜಿ.

"ಹಸಿವಿಲ್ಲ."

"ಕೂತ್ಬಿಟ್ಯಾ ನೀನೂ ಜ್ವರಕ್ಕೆ?"

ಒಂದು ಬೆಳಿಗ್ಗೆ ಸೊಪ್ಪು ಹೆಚ್ಚುತ್ತಿದ್ದಾಗ ಬಾಗಿಲಲ್ಲಿ ನೀರಿನ ಸದ್ದಾಯಿತು. ಯಾರೋ ಬರಿಗಾಲನ್ನು ಬ್ಲೀಚಿಂಗ್ ನೀರಿಗೆ ಅದ್ದುತ್ತಿದ್ದಾರೆ. ಕಲ್ಯಾಣಿ ತಿರುಗಲಿಲ್ಲ. ತಿರುಗಿದರೆ ಕನಸು ಒಡೆದುಹೋದೀತು!

"ಒಳಗೆ ಬರಬಹುದಾ? ಸೆಂಟ್ ಹಾಕಿಲ್ಲ."

ಅವನು ಸೊರಗಿದ್ದ. ಕೈಯಲ್ಲೊಂದು ಬಟ್ಟೆಯ ಗಂಟು. ಬಿಚ್ಚಿದರೆ ಹತ್ತು ಬಿಳಿ ಗೂಡು.

"ಡೋಲ್ಮಾ ದೀದಿ ಕೊಟ್ರು. ಮೊದಲ ಬೆಳೆ. ನಿಮಗೇ ಮೊದಲು ಅಂತ."

ಸಂತೋಷ ಉಕ್ಕಿ ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ನಾಲ್ಕನೇ ಜ್ವರದ ಫೋಟೋ ಯಾಕ್ರೀ ಕಳಿಸ್ಲಿಲ್ಲ?"

"ಅದು ಹುಳಕ್ಕಿಂತ ಜೋರಾಗಿ ನಂಗೆ ಬಂದಿತ್ತು. ಊಟ ಸೇರ್ತಿರ್ಲಿಲ್ಲ. ತಲೆ ಎತ್ಕೊಂಡು, ಈ ದಿಕ್ಕಿಗೇ ನೋಡ್ಕೊಂಡು ಸುಮ್ನೆ ಕೂತಿದ್ದೆ. ಏನು ಬರೆದ್ರೂ ಮತ್ತೆ ತಪ್ಪಾಗುತ್ತೇನೋ ಅಂತ ಭಯ... ಎದುರಿಗೇ ಬಂದು ಹೇಳಣ ಅಂದ್ಕೊಂಡೆ."

"ಈಗ... ಎದ್ದಿದೀರಾ?"

"ಎದ್ದಿದೀನಿ. ಗೂಡು ಕಟ್ಟೋದೊಂದು ಬಾಕಿ. ಒಬ್ಬನಿಗೆ ಕಟ್ಟಕ್ಕೆ ಬರಲ್ಲ, ಕಲ್ಯಾಣಿ."

ಒಳಗಿನಿಂದ ಮುನಿಶಾಮಮ್ಮ ಕೂಗಿದಳು. "ಏನೇ, ಎಳೆ ಸೊಪ್ಪು ರೆಡಿ ಇದೆಯೋ ಇಲ್ವೋ? ತಡ ಮಾಡಿದ್ರೆ ಸೊರಗ್ತದೆ ಅಂತ ನೀನೇ ಅಲ್ವೇನೇ ಹೇಳಿದ್ದು ಫಾರಿನ್‌ನೋರಿಗೆ!"

ಕಲ್ಯಾಣಿ ನಾಚಿ ತಲೆ ತಗ್ಗಿಸಿದಳು. ಅವನು ಮೆಲ್ಲಗೆ ಹೇಳಿದ:

"ಕೂದಲಲ್ಲಿ ಸೊಪ್ಪಿನ ಚೂರಿದೆ."

"ಕೈ ತೊಳ್ಕೊಂಡಿದೀರಾ?"

"ಎರಡು ಸಲ."

"ಹಂಗಾದ್ರೆ... ತೆಗೀರಿ."